ಲೇಖಕನೂ ಅವನ ಪ್ರತಿನಿಧಿಯೂ: ಸಾಹಿತ್ಯ ಏಜೆಂಟರ ಬಗೆಗೆ ಒಂದು ವಿವೇಚನೆ

೧

ಗುಬ್ಬಿ ತಾಲ್ಲೂಕಿನ ಕಡಬವು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಅದರ ಹೆಸರಿನಿಂದ ಪ್ರಸಿದ್ಧವಾದ ತಾಮ್ರಶಾಸನದ ಮೂಲಕ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಹೆಸರಿನಲ್ಲಿರುವ ಈ ಶಾಸನದ ಕಾಲ ಶಕ ೭೩೫, ಎಂದರೆ ಕ್ರಿ.ಶ. ೮೧೨-೧೩. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಪ್ರಾಂತವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಒದಗಿದ್ದ ಶನಿಪೀಡೆಯನ್ನು ಪರಿಹರಿಸಿದ ಜೈನಮುನಿ ಅರ್ಕಕೀರ್ತಿಗೆ, ಶಿಲಾಗ್ರಾಮದ ಜಿನಾಲಯದ ಸಲುವಾಗಿ, ಜಾಲಮಂಗಲವೆಂಬ ಗ್ರಾಮವನ್ನು ಕೊಟ್ಟುದು ಅದರ ವಿಷಯ. ಕೊಟ್ಟವನು ಚಕ್ರವರ್ತಿ, ಪಡೆದವನು ಮುನಿ. ಆದರೆ ಇವರಿಬ್ಬರ ನಡುವೆ ಮೂರನೆಯವನೊಬ್ಬನು ನಿಂತಿದ್ದಾನೆ. ಗಂಗಮಂಡಲದ ಅಧಿರಾಜನೂ ವಿಮಲಾದಿತ್ಯನ ಸೋದರಮಾವನೂ ಆದ ಚಾಕಿರಾಜನ ಬಿನ್ನಹದ ಮೇಲೆ ಈ ದತ್ತಿಯು ನಡೆಯಿತೆಂದು ಶಾಸನವು ಹೇಳುತ್ತದೆ.

ದಾನವು ಬೇರೆ, ವ್ಯವಹಾರವು ಬೇರೆ. ಅರ್ಕಕೀರ್ತಿಯು ಕೃತಿಯನ್ನು ಮಾರಲು ಬಂದವನೂ ಅಲ್ಲ. ಆದರೂ ಈ ಶಾಸನದ ರಚನೆಯಲ್ಲಿ ನಾವು ಗಮನಿಸತಕ್ಕ ಅಂಶವೊಂದುಂಟು. ಕೊಟ್ಟವನಾರು, ಪಡೆದವನಾರು, ನಡುವೆ ನಿಂತು ಕೇಳಿದವನಾರು, ಕೊಟ್ಟುದೇನು, ಅದರ ಎಲ್ಲೆಗಳಾವುವು ಎಂಬ ಐದು ವಿಷಯಗಳನ್ನೂ ಅದು ಬರೆದಿಟ್ಟಿದೆ. ಶಕ್ತನಾದ ಮಧ್ಯಸ್ಥನಿದ್ದನೆಂದು ಬರವಣಿಗೆಯನ್ನು ಬಿಡಲಿಲ್ಲ. ಇಂದು ನಮ್ಮ ಲೇಖಕರಲ್ಲಿ ಅನೇಕರು ತಮ್ಮ ಕೃತಿಗಳನ್ನು ಪ್ರಕಾಶಕರಿಗೂ ಭಾಷಾಂತರಕಾರರಿಗೂ ಒಪ್ಪಿಸುವಾಗ ಈ ಐದರಲ್ಲಿ ಎರಡನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಕನ್ನಡದ ಕೃತಿಗಳಿಗೆ ಹೊರಗಿನಿಂದ ಬೇಡಿಕೆಯು ಬರತೊಡಗಿರುವ ಈ ಕಾಲದಲ್ಲಿ ಸಾಹಿತ್ಯ ಏಜೆಂಟನೆಂಬವನು ಯಾರು, ಅವನು ಯಾವಾಗ ಬೇಕು, ಅವನೊಡನೆ ಹೇಗೆ ವ್ಯವಹರಿಸಬೇಕು ಎಂಬುದನ್ನು ಕಾಲೇಜಿನ ಅಧ್ಯಾಪಕರಿಗೂ ಬರೆಯುವ ಹವ್ಯಾಸವುಳ್ಳ ವಿದ್ಯಾರ್ಥಿಗಳಿಗೂ ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಲೇಖಕನ ಪರವಾಗಿ ಅವನ ಕೃತಿಗೆ ತಕ್ಕ ಪ್ರಕಾಶಕನನ್ನು ಹುಡುಕಿ, ಕರಾರಿನ ನಿಬಂಧನೆಗಳನ್ನು ಚರ್ಚಿಸಿ, ಬರಬೇಕಾದ ಹಣವನ್ನು ವಸೂಲು ಮಾಡಿ, ಅದರಲ್ಲಿ ಗೊತ್ತಾದ ಪಾಲನ್ನು ತನ್ನ ಪ್ರತಿಫಲವಾಗಿ ಇಟ್ಟುಕೊಂಡು ಉಳಿದುದನ್ನು ಲೇಖಕನಿಗೆ ಒಪ್ಪಿಸುವವನೇ ಸಾಹಿತ್ಯ ಏಜೆಂಟ್. ಈ ವೃತ್ತಿಯು ಪ್ರತ್ಯೇಕವಾಗಿ ರೂಪುಗೊಂಡುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲುಭಾಗದ ಲಂಡನ್ನಿನಲ್ಲಿ. ಎ. ಪಿ. ವಾಟ್ ಎಂಬವರು ಸುಮಾರು ೧೮೭೫ರಲ್ಲಿ ಇದನ್ನು ಕೈಕೊಂಡು ನೂರಕ್ಕೆ ಹತ್ತರ ಪ್ರತಿಫಲವನ್ನು ರೂಢಿಗೆ ತಂದರು. ಪತ್ರಿಕೆಗಳೂ ಅಗ್ಗದ ಮುದ್ರಣಗಳೂ ಹೆಚ್ಚಿ, ಒಂದೇ ಕಾದಂಬರಿಯನ್ನು ಪತ್ರಿಕೆಗೆ ಬೇರೆ, ಪುಸ್ತಕಕ್ಕೆ ಬೇರೆ, ಅಮೆರಿಕೆಗೆ ಬೇರೆಯಾಗಿ ಮಾರಲು ಸಾಧ್ಯವಾದುದೇ ಇದಕ್ಕೆ ಕಾರಣ. ಒಂದು ಕೃತಿಯಲ್ಲಿ ಅನೇಕ ಹಕ್ಕುಗಳು ಅಡಗಿವೆಯೆಂಬ ಅರಿವು ಮೂಡಿದಾಗಲೇ ಅವುಗಳನ್ನು ಬಿಡಿಬಿಡಿಯಾಗಿ ನಿರ್ವಹಿಸುವವನು ಅವಶ್ಯಕನಾದನು.

ಏಜೆಂಟನೆಂದರೆ ದಲ್ಲಾಳಿಯೆಂದು ತಾತ್ಸಾರ ಮಾಡುವವರುಂಟು. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿಯನ್ನೊಯ್ಯುವ ನಮ್ಮ ಪ್ರಾಂತದ ರೈತನಿಗೆ ದಲ್ಲಾಳಿಯ ಪರಿಚಯ ಚೆನ್ನಾಗಿಯೇ ಇದೆ. ಆದರೆ ಹೋಲಿಕೆಯು ಅರ್ಧಕ್ಕೆ ನಿಲ್ಲುತ್ತದೆ. ಕೊಬ್ಬರಿಯು ತೂಕವಾಗಿ ಹಣ ಕೈಸೇರಿದೊಡನೆ ಸಂಬಂಧವು ಮುಗಿಯಿತು. ಪುಸ್ತಕದ ಹಕ್ಕಾದರೋ ಮಾರಿದ ಮೇಲೂ ದಶಕಗಳ ಕಾಲ ಬದುಕಿರುತ್ತದೆ. ನಮ್ಮ ದೇಶದ ಕಾನೂನಿನಂತೆ ಗ್ರಂಥಸ್ವಾಮ್ಯವು ಲೇಖಕನ ಜೀವಿತಾವಧಿಯಲ್ಲದೆ ಅವನು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ೬೦ ವರ್ಷಗಳವರೆಗೆ ಉಳಿಯುತ್ತದೆ. ಆದುದರಿಂದ ಇಂದು ಮಾಡಿಕೊಂಡ ಒಂದು ಅಸ್ಪಷ್ಟ ಒಪ್ಪಂದದ ಫಲವನ್ನು ಮೊಮ್ಮಕ್ಕಳು ಉಣ್ಣಬೇಕಾಗಬಹುದು.

೩

ಕನ್ನಡದೊಳಗೆ ಈ ವೃತ್ತಿಯು ಬೆಳೆಯಲಿಲ್ಲ. ಪುಸ್ತಕದ ಪ್ರತಿಗಳು ಕಡಮೆ, ಬೆಲೆ ಕಡಮೆ, ಅದರಲ್ಲಿ ಲೇಖಕನಿಗೆ ಬರುವ ಗೌರವಧನವೂ ಕಡಮೆ; ಅದರ ಹತ್ತರಲ್ಲಿ ಒಂದು ಪಾಲಿನಿಂದ ಯಾರ ಜೀವನವೂ ಸಾಗುವಂತಿರಲಿಲ್ಲ. ಆದರೆ ವೃತ್ತಿ ಇರಲಿಲ್ಲವೆಂದ ಮಾತ್ರಕ್ಕೆ ಆ ಕೆಲಸವೂ ಇರಲಿಲ್ಲವೆಂದು ತಿಳಿಯಬಾರದು.

ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದುದು ಸುವಿದಿತವಾಗಿದೆ. ಶಿವರಾಮ ಕಾರಂತರು ಪುತ್ತೂರಿನ ಹರ್ಷ ಪ್ರಕಟಣಾಲಯದ ಮೂಲಕ ತಮ್ಮ ಕೃತಿಗಳನ್ನು ತಾವೇ ಹೊರತಂದರು. ಕುವೆಂಪು ಅವರ ಕೃತಿಗಳು ಮೈಸೂರಿನ ಉದಯರವಿ ಪ್ರಕಾಶನದಿಂದ ಬಂದುವು. ಧಾರವಾಡದಲ್ಲಿ ೧೯೩೩ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯಲ್ಲಿ ಜಿ. ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿ, ಹೊಸ ಲೇಖಕರನ್ನು ಹುಡುಕಿ, ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರ ಸಲಹೆಯನ್ನು ಅವರಿಗೆ ದೊರಕಿಸಿದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯು ೧೯೬೧ರಲ್ಲಿ ಬೆಳಕು ಕಂಡುದು ಅಲ್ಲಿಯೇ. ಹೀಗೆ ಸಂಪಾದಕ, ವಿಮರ್ಶಕ, ಪ್ರಕಾಶಕ, ಸ್ನೇಹಿತ ಇವರೆಲ್ಲರೂ ಏಜೆಂಟನ ಕೆಲಸವನ್ನು ಹಂಚಿಕೊಂಡು ಮಾಡಿದರು. ಪ್ರೀತಿ ವಿಶ್ವಾಸಗಳಿಂದ ನಡೆದ ಈ ಏರ್ಪಾಡು ನಮ್ಮ ಸಾಹಿತ್ಯಕ್ಕೆ ಮಾಡಿದ ಉಪಕಾರವು ಸಾಮಾನ್ಯವಾದುದಲ್ಲ. ಅದರ ದೌರ್ಬಲ್ಯವಿದ್ದುದು ಒಂದೇ ಕಡೆ: ಕೊಳ್ಳುವವನೂ ಲೇಖಕನಿಗೆ ಸಲಹೆ ಹೇಳುವವನೂ ಅನೇಕ ವೇಳೆ ಒಬ್ಬನೇ ಆಗಿದ್ದನು.

ಮಧ್ಯಸ್ಥನೇ ಇಲ್ಲದೆ ದೂರದಲ್ಲುಳಿದ ಲೇಖಕನ ಪಾಡು ಏನಾಗುತ್ತಿತ್ತೆಂಬುದಕ್ಕೆ ಮುದ್ದಣನ ಚರಿತ್ರೆಯೇ ನಿದರ್ಶನ. ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆ ಲಕ್ಷ್ಮೀನಾರಣಪ್ಪನು (೧೮೭೦–೧೯೦೧) ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದನು. ಗ್ರಂಥಪ್ರಕಟನೆಯ ಕೇಂದ್ರವಾದ ಮೈಸೂರಿನಲ್ಲಿ ಅವನನ್ನು ಬಲ್ಲವರಿರಲಿಲ್ಲ. ಅವನು ತನ್ನ ಕೃತಿಗಳನ್ನು ತನಗೆ ದೊರೆತ ಹಳೆಯ ಕವಿಯ ಓಲೆಪ್ರತಿಗಳೆಂಬಂತೆ ಮೈಸೂರಿನ ಕಾವ್ಯಮಾಲೆಯ ಸಂಪಾದಕರಿಗೆ ಕಳುಹಿಸಿದನು. ಅವು ಹಾಗೆಯೇ ಅಚ್ಚಾದುವು. ತನ್ನ ಕೃತಿಗೆ ತಾನೇ ಮಧ್ಯಸ್ಥನಾದನು. ಆದರೆ ಅದಕ್ಕಾಗಿ ಲೇಖಕನೆಂಬ ಹೆಸರನ್ನೇ ತೆರಬೇಕಾಯಿತು. ಕ್ಷಯರೋಗದಿಂದ ಮೂವತ್ತೊಂದರ ಪ್ರಾಯದಲ್ಲಿ ಅವನು ತೀರಿಕೊಂಡಾಗ, ‘ಶ್ರೀರಾಮಾಶ್ವಮೇಧ’ದ ಕರ್ತೃವು ತಮ್ಮ ಕಾಲದವನೇ ಎಂಬುದು ಓದುಗರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

೪

ಇದಕ್ಕೆ ಪ್ರತಿಯಾದ ಉದಾಹರಣೆಯೂ ಕರ್ಣಾಟಕದಲ್ಲಿಯೇ ಇದೆ. ಮೈಸೂರಿನಲ್ಲಿದ್ದು ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರ ಮೇಲೊಬ್ಬರಂತೆ ಹಿಂದಿರುಗಿಸಿದರು. ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಅವರ ಸ್ನೇಹಿತ ಪೂರ್ಣ ಎಂಬವರು ಅದನ್ನು ಕಾದಂಬರಿಕಾರ ಗ್ರಹಾಂ ಗ್ರೀನ್‌ರಿಗೆ ಮುಟ್ಟಿಸಿದರು. ಗ್ರೀನರು ಮೆಚ್ಚಿ, ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆಯನ್ನು ಒಪ್ಪಿಸಿದರು. ೧೯೩೫ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂದಿತು. ಪುಸ್ತಕವು ಹೆಚ್ಚು ಮಾರಾಟವಾಗಲಿಲ್ಲ. ೧೯೩೭ರ ಎರಡನೆಯ ಕಾದಂಬರಿಗೆ ನೆಲ್ಸನ್, ೧೯೩೮ರ ಮೂರನೆಯದಕ್ಕೆ ಮ್ಯಾಕ್‌ಮಿಲನ್, ಹೀಗೆ ಒಂದೊಂದು ಸಲವೂ ಹೊಸ ಪ್ರಕಾಶಕನನ್ನು ಹುಡುಕಬೇಕಾಯಿತು. ಲಂಡನ್ನಿನ ಏಜೆಂಟ್ ಡೇವಿಡ್ ಹೈಯಮ್ ಅವರು ನಾರಾಯಣರ ಪ್ರತಿನಿಧಿಯಾದರು. ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸಂಪರ್ಕವು ಕಡಿದುಹೋಗಲು, ನಾರಾಯಣರು ಮೈಸೂರಿನಲ್ಲಿಯೇ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್ ಎಂಬ ಸ್ವಂತ ಪ್ರಕಾಶನವನ್ನು ಸ್ಥಾಪಿಸಿಕೊಂಡರು.

ಈ ವೃತ್ತಾಂತದಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಬಾಗಿಲನ್ನು ತೆರೆದವನು ಸ್ನೇಹಿತ, ಏಜೆಂಟನಲ್ಲ. ತೆರೆದ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವ ದೀರ್ಘಕಾಲದ ಕೆಲಸವು ಸ್ನೇಹಿತನಿಂದ ಆಗತಕ್ಕದ್ದಲ್ಲ. ಅದಕ್ಕೆ ವೃತ್ತಿಯವನೇ ಬೇಕು. ಹೊರದೇಶದಲ್ಲಿ ಏಜೆಂಟನಿದ್ದರೂ ಸ್ವದೇಶದ ಪ್ರಕಟನೆಯನ್ನು ಲೇಖಕನು ತನ್ನ ಕೈಯಲ್ಲಿ ಇರಿಸಿಕೊಳ್ಳಬಹುದು.

೫

ಈಗ ಹಕ್ಕುಗಳ ವಿಚಾರ. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ನೆನೆದರೆ ಸಂಗತಿಯು ಸುಲಭವಾಗಿ ಅರ್ಥವಾಗುತ್ತದೆ. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆ ಸಂಘವು ರಂಗದ ಮೇಲೆ ತಂದು ಪ್ರಸಿದ್ಧಿಗೊಳಿಸಿತು. ಒಂದು ನಾಟಕವನ್ನು ಆಡುವುದು ಒಂದು ಹಕ್ಕು. ಅಚ್ಚು ಮಾಡುವುದು ಮತ್ತೊಂದು. ಚಲಚ್ಚಿತ್ರವಾಗಿಸುವುದು, ಆಕಾಶವಾಣಿಯಲ್ಲಿ ಪ್ರಸಾರ ಮಾಡುವುದು, ಬೇರೆ ಭಾಷೆಗೆ ತರುವುದು ಇವೆಲ್ಲ ಬೇರೆ ಬೇರೆ ಹಕ್ಕುಗಳು. ಒಂದನ್ನು ಕೊಟ್ಟುದರಿಂದ ಉಳಿದುವನ್ನು ಕೊಟ್ಟಂತಾಗುವುದಿಲ್ಲ, ಬರೆದುಕೊಟ್ಟಿದ್ದರೆ ಹೊರತು.

೧೯೫೭ರ ಗ್ರಂಥಸ್ವಾಮ್ಯ ಅಧಿನಿಯಮದ ೧೯ನೆಯ ಪ್ರಕರಣವನ್ನು ಪ್ರತಿಯೊಬ್ಬ ಲೇಖಕನೂ ಓದಿಕೊಂಡಿರಬೇಕು. ಹಕ್ಕಿನ ವರ್ಗಾವಣೆಯು ಬರವಣಿಗೆಯಲ್ಲಿದ್ದು, ವರ್ಗಾಯಿಸುವವನ ಸಹಿಯನ್ನು ಹೊಂದಿರದಿದ್ದರೆ ಸಿಂಧುವಲ್ಲ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಪ್ರತಿಫಲ ಎಂಬುದನ್ನು ಪತ್ರದಲ್ಲಿ ಹೇಳಬೇಕು. ಕಾಲವನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಭಾವಿಸತಕ್ಕದ್ದು. ಪಡೆದವನು ಒಂದು ವರ್ಷದೊಳಗಾಗಿ ಹಕ್ಕನ್ನು ಬಳಸದೆ ಬಿಟ್ಟರೆ, ಪತ್ರದಲ್ಲಿ ಬೇರೆ ರೀತಿಯಾಗಿ ಹೇಳಿರದಿದ್ದಲ್ಲಿ, ಆ ಹಕ್ಕಿನ ವರ್ಗಾವಣೆಯು ರದ್ದಾದಂತೆ. ಇಲ್ಲಿ ಕಾನೂನು ಲೇಖಕನ ಪಕ್ಷದಲ್ಲಿಯೇ ಇದೆ. ಆದರೆ ‘ಸಕಲ ಹಕ್ಕುಗಳೂ, ಸಕಲ ಭಾಷೆಗಳಲ್ಲಿಯೂ, ಸಕಲ ದೇಶಗಳಲ್ಲಿಯೂ’ ಎಂಬಂತಹ ಒಂದು ವಾಕ್ಯಕ್ಕೆ ಓದದೆ ಸಹಿ ಹಾಕಿದವನಿಗೆ ಈ ರಕ್ಷಣೆಯು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಪ್ರದೇಶದ ಮಾತು ಬರಿಯ ತಾಂತ್ರಿಕ ವಿವರವಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕನ್ನಡದಲ್ಲಿ ೨೦೧೩ರಲ್ಲಿ ಅಕ್ಷರ ಪ್ರಕಾಶನದಿಂದ ಬಂದಿತು. ಶ್ರೀನಾಥ ಪೇರೂರರ ಇಂಗ್ಲಿಷ್ ಭಾಷಾಂತರವನ್ನು ೨೦೧೫ರಲ್ಲಿ ಭಾರತದಲ್ಲಿ ಹಾರ್ಪರ್‌ಕಾಲಿನ್ಸ್, ಅನಂತರ ಅಮೆರಿಕೆಯಲ್ಲಿ ಪೆಂಗ್ವಿನ್, ಇಂಗ್ಲೆಂಡಿನಲ್ಲಿ ಫೇಬರ್ ಸಂಸ್ಥೆಗಳು ಪ್ರಕಟಿಸಿದುವು. ಒಂದೇ ಭಾಷಾಂತರವು ಮೂರು ದೇಶಗಳಲ್ಲಿ ಮೂರು ಪ್ರಕಾಶಕರನ್ನು ಪಡೆಯಬೇಕಾದರೆ ಪ್ರದೇಶಗಳ ಹಕ್ಕನ್ನು ಬೇರ್ಪಡಿಸಿ ಉಳಿಸಿಕೊಂಡಿರಬೇಕಷ್ಟೆ. ಬಾನು ಮುಷ್ತಾಕ್ ಅವರು ೧೯೯೦ರಿಂದ ೨೦೨೩ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ೨೦೨೫ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ, ೫೦,೦೦೦ ಪೌಂಡುಗಳ ಬಹುಮಾನವು ಲೇಖಕಿಗೂ ಭಾಷಾಂತರಕಾರ್ತಿಗೂ ಸಮನಾಗಿ ಹಂಚಿಕೆಯಾಯಿತು. ಭಾಷಾಂತರವೂ ಸ್ವತಂತ್ರವಾದ ಗ್ರಂಥಸ್ವಾಮ್ಯವುಳ್ಳ ಕೃತಿಯೆಂಬುದನ್ನು ಇಲ್ಲಿ ನೆನೆಯಬೇಕು. ಮೂವತ್ತು ವರ್ಷಗಳ ಹಿಂದಣ ಕಥೆಗೂ ಹೊರಗಿನ ಓದುಗರು ದೊರೆಯಬಹುದೆಂದ ಮೇಲೆ, ಆ ಕಥೆಯ ಹಕ್ಕು ಯಾರಲ್ಲಿದೆಯೆಂಬ ಪ್ರಶ್ನೆಗೆ ಒಡನೆಯೇ ಉತ್ತರವಿರಬೇಕು. ಉತ್ತರವಿಲ್ಲದಿದ್ದರೆ ಬಂದ ಪ್ರಕಾಶಕನು ಮುಂದಿನ ಲೇಖಕನ ಬಳಿಗೆ ಹೋಗುತ್ತಾನೆ.

೬

ಇನ್ನು ಅನುಷ್ಠಾನದ ಮಾತು.

ಮೊದಲನೆಯದಾಗಿ, ಏಜೆಂಟನು ಬೇಕೆ ಎಂಬುದನ್ನು ನಿರ್ಧರಿಸಬೇಕು. ಕನ್ನಡದ ಪುಸ್ತಕವನ್ನು ಕನ್ನಡದ ಪ್ರಕಾಶಕನಿಗೆ ಕೊಡಲು ಅವನ ಅಗತ್ಯವಿಲ್ಲ. ನೇರವಾಗಿ ಬರೆಯುವುದೇ ಮಾರ್ಗ. ಇಂಗ್ಲಿಷಿನಲ್ಲಿ ಬರೆಯುವವನಿಗೆ, ಭಾಷಾಂತರವನ್ನು ರಾಷ್ಟ್ರಮಟ್ಟದ ಅಥವಾ ಹೊರದೇಶದ ಪ್ರಕಾಶಕರಿಗೆ ಕಳುಹಿಸುವವನಿಗೆ, ಚಲಚ್ಚಿತ್ರದ ಹಕ್ಕಿನ ವ್ಯವಹಾರಕ್ಕೆ ಇಳಿಯುವವನಿಗೆ ಏಜೆಂಟನಿಂದ ಪ್ರಯೋಜನವುಂಟು. ಪಾಶ್ಚಾತ್ಯ ದೇಶಗಳ ದೊಡ್ಡ ಪ್ರಕಾಶಕರಲ್ಲಿ ಅನೇಕರು ಏಜೆಂಟರ ಮೂಲಕ ಬಾರದ ಹಸ್ತಪ್ರತಿಯನ್ನು ನೋಡುವುದೇ ಇಲ್ಲ.

ಎರಡನೆಯದಾಗಿ, ಹುಡುಕುವ ಬಗೆ. ಭಾರತದ ಮೊದಲ ಸಾಹಿತ್ಯ ಏಜೆನ್ಸಿಯೆಂದು ಹೆಸರಾದ ಜಕರಂಡ ೧೯೯೭ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಅನಂತರ ಜಯಪುರದ ಸಿಯಾಹಿ, ದೆಹಲಿಯ ರೈಟರ್ಸ್ ಸೈಡ್, ರೆಡ್ ಇಂಕ್ ಮುಂತಾದ ಸಂಸ್ಥೆಗಳು ಬಂದುವು. ಹೆಸರುಗಳ ಪಟ್ಟಿಯನ್ನು ಸಂಪಾದಿಸುವುದಕ್ಕಿಂತ, ತನ್ನ ಕೃತಿಯನ್ನು ಹೋಲುವ ನಾಲ್ಕಾರು ಪುಸ್ತಕಗಳನ್ನು ತೆಗೆದು ಅವುಗಳ ಕೃತಜ್ಞತಾಪುಟವನ್ನು ಓದುವುದು ಮೇಲು. ಲೇಖಕರು ತಮ್ಮ ಏಜೆಂಟನನ್ನು ಸಾಮಾನ್ಯವಾಗಿ ಅಲ್ಲಿ ಸ್ಮರಿಸಿರುತ್ತಾರೆ. ಆ ಏಜೆಂಟನು ಇದುವರೆಗೆ ಯಾವ ಯಾವ ಪುಸ್ತಕಗಳನ್ನು ಯಾವ ಪ್ರಕಾಶಕರಿಗೆ ಮಾರಿದ್ದಾನೆಂದು ತಿಳಿದುಕೊಂಡು, ಸಾಧ್ಯವಾದರೆ ಅವನ ಲೇಖಕರಲ್ಲೊಬ್ಬರನ್ನು ವಿಚಾರಿಸಬೇಕು.

ಮೂರನೆಯದಾಗಿ, ಕಳುಹಿಸಬೇಕಾದುದು. ಒಂದು ಪುಟವನ್ನು ಮೀರದ ಪತ್ರ, ಕಥೆಯ ಅಂತ್ಯವನ್ನೂ ಮುಚ್ಚಿಡದೆ ಹೇಳುವ ಸಾರಾಂಶ, ಮೊದಲ ಕೆಲವು ಅಧ್ಯಾಯಗಳು. ಕೃತಿಯು ಕನ್ನಡದ್ದಾಗಿದ್ದರೆ ಒಳ್ಳೆಯ ಭಾಷಾಂತರಕಾರರಿಂದ ಮಾಡಿಸಿದ ಇಪ್ಪತ್ತು ಮೂವತ್ತು ಪುಟಗಳ ಮಾದರಿ ಅವಶ್ಯಕ; ಏಜೆಂಟನೂ ಹೊರಗಿನ ಸಂಪಾದಕನೂ ಕನ್ನಡವನ್ನು ಓದಲಾರರು. ಕೃತಿಯ ಪ್ರಕಟನೆಯ ವಿವರ, ಮುದ್ರಣಗಳು, ವಿಮರ್ಶೆಗಳು, ಯಾವ ಹಕ್ಕುಗಳು ಇನ್ನೂ ಲೇಖಕನಲ್ಲಿಯೇ ಇವೆ ಎಂಬ ಹೇಳಿಕೆ ಇವು ಜೊತೆಗಿರಬೇಕು. ಭಾಷಾಂತರಕಾರರೊಡನೆ ಗೌರವಧನ, ಹೆಸರಿನ ಸ್ಥಾನ, ಮುಂದಿನ ಪಾಲು ಇವುಗಳನ್ನು ಮೊದಲೇ ಬರೆದುಕೊಂಡಿರಬೇಕು.

ನಾಲ್ಕನೆಯದಾಗಿ, ಹಣ. ಏಜೆಂಟನ ಪ್ರತಿಫಲವು ಲೇಖಕನಿಗೆ ಬರುವ ಹಣದಲ್ಲಿಯ ಪಾಲು. ಇಂಗ್ಲೆಂಡ್, ಅಮೆರಿಕೆಗಳಲ್ಲಿ ಇಂದು ಸ್ವದೇಶದ ಮಾರಾಟಕ್ಕೆ ನೂರಕ್ಕೆ ೧೫, ಹೊರದೇಶದ ಹಾಗೂ ಭಾಷಾಂತರದ ಹಕ್ಕುಗಳಿಗೆ ನೂರಕ್ಕೆ ೨೦ ಎಂಬುದು ಸಾಮಾನ್ಯ ರೂಢಿ. ಪುಸ್ತಕವು ಮಾರಾಟವಾಗುವ ಮೊದಲೇ ಓದುವ ಶುಲ್ಕ, ನೋಂದಣಿ ಶುಲ್ಕ, ಪ್ರಚಾರದ ವೆಚ್ಚ ಎಂದು ಲೇಖಕನಿಂದ ಹಣ ಕೇಳುವವನ ಲಾಭವು ಲೇಖಕನ ಜೇಬಿನಲ್ಲಿದೆಯೇ ಹೊರತು ಪುಸ್ತಕದಲ್ಲಿಲ್ಲ. ಅಂಥವನಿಂದ ದೂರವಿರುವುದೇ ಲೇಸು.

ಐದನೆಯದಾಗಿ, ಒಡಂಬಡಿಕೆ. ಒಂದು ಕೃತಿಗೆ ಮಾತ್ರವೋ ಮುಂದೆ ಬರೆಯುವ ಎಲ್ಲ ಕೃತಿಗಳಿಗೋ, ಯಾವ ಹಕ್ಕುಗಳಿಗೆ, ಯಾವ ಭಾಷೆಗಳಿಗೆ, ಯಾವ ದೇಶಗಳಿಗೆ, ಎಷ್ಟು ಕಾಲಕ್ಕೆ, ಪ್ರತಿಫಲವೆಷ್ಟು, ಲೆಕ್ಕವನ್ನು ಯಾವಾಗ ಒಪ್ಪಿಸಬೇಕು, ಎಷ್ಟು ದಿನಗಳ ಸೂಚನೆ ಕೊಟ್ಟು ಬಿಡುಗಡೆ ಹೊಂದಬಹುದು, ಬಿಡುಗಡೆಯ ಅನಂತರ ಹಳೆಯ ಕರಾರುಗಳಿಂದ ಬರುವ ಹಣದಲ್ಲಿ ಅವನ ಪಾಲೇನು ಎಂಬುವೆಲ್ಲ ಅದರಲ್ಲಿರಬೇಕು. ಕನ್ನಡದ ಹಕ್ಕನ್ನು ಹೊರತುಪಡಿಸಲಾಗಿದೆಯೆಂದು ಸ್ಪಷ್ಟವಾಗಿ ಬರೆಯಿಸುವುದು ನಮ್ಮ ಲೇಖಕರಿಗೆ ವಿಶೇಷವಾಗಿ ಉಚಿತ. ಅಂತಿಮ ಕರಾರಿಗೆ ಸಹಿ ಹಾಕತಕ್ಕವನು ಲೇಖಕನೇ. ಆ ಅಧಿಕಾರವನ್ನು ಏಜೆಂಟನಿಗೆ ಬಿಡಬಾರದು. ೧೮೭೨ರ ಭಾರತೀಯ ಕರಾರು ಅಧಿನಿಯಮದ ಹತ್ತನೆಯ ಅಧ್ಯಾಯವು ಪ್ರತಿನಿಧಿಯ ಕರ್ತವ್ಯಗಳನ್ನು ವಿಧಿಸಿದೆ: ಕೇಳಿದಾಗ ಸರಿಯಾದ ಲೆಕ್ಕವನ್ನು ಒಪ್ಪಿಸಬೇಕೆಂದು ೨೧೩ನೆಯ ಪ್ರಕರಣವೂ, ವಸೂಲಾದ ಹಣವನ್ನು ಸಲ್ಲತಕ್ಕ ಮೊಬಲಗನ್ನು ಕಳೆದು ಸಂದಾಯ ಮಾಡಬೇಕೆಂದು ೨೧೭, ೨೧೮ನೆಯ ಪ್ರಕರಣಗಳೂ ಹೇಳುತ್ತವೆ. ಲೆಕ್ಕ ಕೇಳುವುದು ಅವಿಶ್ವಾಸದ ಲಕ್ಷಣವಲ್ಲ. ಅದು ಲೇಖಕನ ಹಕ್ಕು.

ಕಡೆಯದಾಗಿ, ನಡವಳಿಕೆ. ಒಂದು ಕೃತಿಯನ್ನು ಒಬ್ಬ ಏಜೆಂಟನಿಗೆ ಒಪ್ಪಿಸಿದ ಮೇಲೆ ಅದನ್ನೇ ಮತ್ತೊಬ್ಬನ ಮೂಲಕವಾಗಲಿ ತಾನಾಗಿಯೇ ಆಗಲಿ ಅದೇ ಪ್ರಕಾಶಕರಿಗೆ ಕಳುಹಿಸಬಾರದು. ಯಾರಿಗೆ ಕಳುಹಿಸಿದೆ, ಏನು ಉತ್ತರ ಬಂದಿತು ಎಂದು ಅವನಿಂದ ಕಾಲಕಾಲಕ್ಕೆ ತಿಳಿದುಕೊಳ್ಳಬೇಕು. ತಿರಸ್ಕಾರಕ್ಕೆ ಕೊಟ್ಟ ಕಾರಣಗಳು ಎರಡು ಮೂರು ಕಡೆಗಳಿಂದ ಒಂದೇ ಆಗಿದ್ದರೆ ಹಸ್ತಪ್ರತಿಯನ್ನು ಮತ್ತೆ ನೋಡುವುದು ಒಳಿತು. ಒಳ್ಳೆಯ ಏಜೆಂಟನು ಕೃತಿಯ ದೋಷವನ್ನು ತೋರಿಸಬಲ್ಲನು, ತಕ್ಕ ಸಂಪಾದಕನ ಮುಂದೆ ಅದನ್ನಿರಿಸಬಲ್ಲನು. ದುರ್ಬಲವಾದ ಕೃತಿಯನ್ನು ಪ್ರಬಲವಾಗಿಸಲಾರನು.

೭

ಅಧ್ಯಾಪಕರಿಗೆ ಇಲ್ಲಿ ಒಂದು ಕೆಲಸವು ಉಳಿದಿದೆ. ನಮ್ಮ ತಾಲ್ಲೂಕುಗಳಲ್ಲಿ ಕಥೆ, ನಾಟಕ, ಸ್ಥಳಚರಿತ್ರೆಗಳನ್ನು ಬರೆದವರೂ ಬರೆಯುತ್ತಿರುವವರೂ ಕಡಮೆಯಿಲ್ಲ. ಅವರಾಗಲಿ ಅವರ ಮನೆಯವರಾಗಲಿ ಏಜೆಂಟನನ್ನು ಎಂದೂ ಕಾಣದಿರಬಹುದು. ಆದರೆ ಪ್ರತಿಯೊಂದು ಕೃತಿಗೂ ಒಂದು ಹಾಳೆಯನ್ನು ಮೀಸಲಿಟ್ಟು, ಅದು ಯಾವ ವರ್ಷ ಎಲ್ಲಿ ಪ್ರಕಟವಾಯಿತು, ಯಾವ ಹಕ್ಕನ್ನು ಯಾರಿಗೆ ಎಷ್ಟು ಕಾಲಕ್ಕೆ ಕೊಡಲಾಯಿತು, ಯಾವುದು ಉಳಿದಿದೆ ಎಂದು ಬರೆದು, ಮೂಲಪತ್ರಗಳನ್ನು ಅದರೊಡನೆ ಇರಿಸಲು ನಾವು ನೆರವಾಗಬಹುದು. ಈ ಹಾಳೆಯಿಲ್ಲದೆ ಯಾವ ಏಜೆಂಟನೂ ಕೆಲಸ ಮಾಡಲಾರನು. ಇದಿದ್ದರೆ ಏಜೆಂಟನಿಲ್ಲದಿದ್ದರೂ ಲೇಖಕನು ನಷ್ಟಹೊಂದುವುದಿಲ್ಲ. ಚಾಕಿರಾಜನಂತಹ ಮಧ್ಯಸ್ಥನು ಎಲ್ಲರಿಗೂ ದೊರೆಯುವನೆಂದು ಹೇಳಲಾಗದು. ಕೊಟ್ಟುದರ ಎಲ್ಲೆಯನ್ನು ಗುರುತಿಸಿ ಬರೆದಿಡುವುದಂತೂ ಎಲ್ಲರ ಕೈಯಲ್ಲಿಯೂ ಇದೆ.